ತಪ್ಪು ಉತ್ತರದಿಂದ ಆರಂಭವಾಗಬೇಕಾದ ಪಾಠ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವನ ಆರೋಗ್ಯ ಮತ್ತು ರೋಗಗಳನ್ನು ಕುರಿತ ಅಧ್ಯಾಯದ ನಡುವೆ ಬರುವ ರೋಗನಿರೋಧಕ ವ್ಯವಸ್ಥೆಯ ಭಾಗ ಕೆಲವೇ ಪುಟಗಳದ್ದಾದರೂ, ಇಡೀ ಪುಸ್ತಕದಲ್ಲಿ ಹೆಸರುಗಳು ದಟ್ಟವಾಗಿ ನೆರೆದಿರುವ ಜಾಗಗಳಲ್ಲಿ ಅದೂ ಒಂದು. ಹುಟ್ಟಿನಿಂದ ಬಂದ ರಕ್ಷಣೆಗೆ ನಾಲ್ಕು ಬಗೆಯ ತಡೆಗಳು, ಬದುಕುತ್ತಾ ಗಳಿಸಿಕೊಂಡ ರಕ್ಷಣೆಗೆ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಪಂಗಡಗಳು, ಬಿ ಕೋಶಗಳು ರಕ್ತಕ್ಕೆ ಬಿಡುವ ಪ್ರತಿಕಾಯಗಳೆಂಬ ಪ್ರೋಟೀನುಗಳು, ಒಂದೊಂದು ಪ್ರತಿಕಾಯದಲ್ಲೂ ಎರಡು ಭಾರದ ಮತ್ತು ಎರಡು ಹಗುರದ ಸರಪಳಿಗಳು ಎಂದು ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಅದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅಂಕ ಸಿಗುತ್ತದೆ. ಇವೆಲ್ಲ ಯಾವ ಪ್ರಶ್ನೆಯನ್ನು ಬಿಡಿಸಹೊರಟಾಗ ಕಂಡುಬಂದವು ಎಂಬುದು ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ.

ಒಣಗಿದ ಈ ಪಟ್ಟಿಗೆ ಜೀವ ತುಂಬಲು ಅಧ್ಯಾಪಕರು ಸಾಮಾನ್ಯವಾಗಿ ಯುದ್ಧದ ಕಥೆಯ ಮೊರೆಹೋಗುತ್ತಾರೆ. ಚರ್ಮವು ಕೋಟೆಯಾಗಿ, ಬಿಳಿ ರಕ್ತಕಣಗಳು ಸೈನಿಕರಾಗಿ, ಪ್ರತಿಕಾಯಗಳು ಬಾಣಗಳಾಗಿ ನಿಲ್ಲುತ್ತವೆ, ತರಗತಿಯೂ ಲವಲವಿಕೆಯಿಂದ ಕೇಳುತ್ತದೆ. ಆದರೆ ಯುದ್ಧದಲ್ಲಿ ಶತ್ರು ಯಾರೆಂಬುದು ಸೈನಿಕನಿಗೆ ಮೊದಲೇ ಗೊತ್ತಿರುತ್ತದೆ, ದೇಹಕ್ಕಾದರೋ ಅದೇ ಗೊತ್ತಿಲ್ಲದ ಸಂಗತಿ. ಕರುಳಿನ ತುಂಬ ಬ್ಯಾಕ್ಟೀರಿಯಾಗಳನ್ನು ನೆಮ್ಮದಿಯಿಂದ ಇರಗೊಡುವ ದೇಹವೇ ಕೆಲವರಲ್ಲಿ ಒಂದು ಕಡಲೆಕಾಯಿ ಬೀಜಕ್ಕೆ ಪ್ರಾಣಾಪಾಯವಾಗುವಷ್ಟು ಕೆರಳುತ್ತದೆ. ತಂದೆಯ ಪಾಲಿನಿಂದಾಗಿ ಅರ್ಧ ಪರಕೀಯವೇ ಆದ ಭ್ರೂಣವನ್ನು ಒಂಬತ್ತು ತಿಂಗಳು ಹೊರುತ್ತದೆ. ಕೋಟೆಯ ಕಥೆಯಲ್ಲಿ ಇವುಗಳಿಗೆ ಜಾಗವಿಲ್ಲದಿರುವುದರಿಂದ ಆ ಕಥೆಯನ್ನು ಮೊದಲ ಹತ್ತು ನಿಮಿಷಗಳಾಚೆಗೆ ಎಳೆಯದಿರುವುದೇ ಲೇಸು.

ಪಾಠದ ನಿಜವಾದ ಬಾಗಿಲು ಬೇರೆಡೆ ಇದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್, ಪ್ರಯೋಗಾಲಯದಲ್ಲಿ ತಯಾರಾದ ಸಣ್ಣ ರಾಸಾಯನಿಕಗಳನ್ನು ಪ್ರೋಟೀನುಗಳಿಗೆ ಅಂಟಿಸಿ ಪ್ರಾಣಿಗಳಿಗೆ ಚುಚ್ಚಿದಾಗ, ಆ ಪ್ರಾಣಿಗಳ ರಕ್ತದಲ್ಲಿ ಅಂಥ ರಾಸಾಯನಿಕವನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳು ಕಾಣಿಸಿಕೊಂಡವು. ಪ್ರಕೃತಿಯಲ್ಲಿ ಎಂದೂ ಇಲ್ಲದಿದ್ದ ವಸ್ತುವಿಗೆ ತಕ್ಕ ಪ್ರತಿಕಾಯ ಎಲ್ಲಿಂದ ಬಂದಿತು ಎಂದು ಕೇಳಿ ಅಧ್ಯಾಪಕರು ಸುಮ್ಮನಾದರೆ, ತರಗತಿಯಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ವಸ್ತು ಒಳಗೆ ಬಂದ ಮೇಲೆ ದೇಹವು ಅದರ ಆಕಾರ ನೋಡಿಕೊಂಡು ಪ್ರತಿಕಾಯವನ್ನು ಮಾಡುತ್ತದೆ. ಈ ಉತ್ತರ ತಪ್ಪು. ಆದರೆ ಇಪ್ಪತ್ತನೆಯ ಶತಮಾನದ ಮಹಾ ರಸಾಯನ ವಿಜ್ಞಾನಿಗಳಲ್ಲೊಬ್ಬರಾದ ಲೈನಸ್ ಪಾಲಿಂಗ್ 1940ರಲ್ಲಿ ಮಂಡಿಸಿದ ಸಿದ್ಧಾಂತವೂ ಇದೇ ಆಗಿತ್ತು. ಹೊರಗಿನಿಂದ ಬಂದ ವಸ್ತುವನ್ನು, ಅಂದರೆ ಪ್ರತಿಜನಕವನ್ನು, ಅಚ್ಚಾಗಿಟ್ಟುಕೊಂಡು ಅದರ ಸುತ್ತ ಪ್ರತಿಕಾಯದ ಸರಪಳಿ ಮಡಚಿಕೊಳ್ಳುತ್ತದೆ ಎಂದು ಅವರು ಭಾವಿಸಿದ್ದರು. ಹದಿನೇಳರ ಪ್ರಾಯದವರ ಊಹೆ ಪಾಲಿಂಗರ ಊಹೆಗೆ ಸರಿಸಾಟಿಯಾಗಿ ನಿಂತ ಈ ಕ್ಷಣವನ್ನು ಅವಸರದಿಂದ ತಿದ್ದಿ ಹಾಳುಮಾಡಬಾರದು.

ಆ ಊಹೆ ತಾನಾಗಿಯೇ ಸಡಿಲಗೊಳ್ಳುವಂತೆ ಎರಡು ಸಂಗತಿಗಳನ್ನು ಮುಂದಿಟ್ಟರೆ ಸಾಕು. ಅಚ್ಚಿನಿಂದಲೇ ಪ್ರತಿಕಾಯ ಎರಕಗೊಳ್ಳುವುದಾದರೆ, ಅದೇ ರೋಗಾಣು ವರ್ಷಗಳ ನಂತರ ಮತ್ತೆ ಬಂದಾಗ ದೇಹದ ಪ್ರತಿಕ್ರಿಯೆ ಮೊದಲಿಗಿಂತ ಬೇಗನೆಯೂ ಹಲವು ಪಟ್ಟು ಪ್ರಬಲವಾಗಿಯೂ ಇರುವುದೇಕೆ? ದೇಹದ ಸ್ವಂತ ಪ್ರೋಟೀನುಗಳೂ ಅಚ್ಚುಗಳಾಗಬಲ್ಲವಷ್ಟೆ, ಅವುಗಳ ವಿರುದ್ಧ ಪ್ರತಿಕಾಯಗಳು ಸಾಮಾನ್ಯವಾಗಿ ಏಕೆ ತಯಾರಾಗುವುದಿಲ್ಲ? 1957ರಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಮಂಡಿಸಿದ ತದ್ರೂಪು ಆಯ್ಕೆಯ ಸಿದ್ಧಾಂತವು ಪ್ರಶ್ನೆಯನ್ನೇ ತಿರುಗಿಸಿ ನಿಲ್ಲಿಸಿತು. ಪಾಲಿಂಗರ ದೇಹವು ಬಂದವರ ಅಳತೆ ತೆಗೆದು ಹೊಲಿದುಕೊಡುವ ದರ್ಜಿಯಾದರೆ, ಬರ್ನೆಟ್ಟರ ದೇಹವು ಗಿರಾಕಿ ಬರುವ ಮೊದಲೇ ಸಕಲ ಅಳತೆಗಳ ಉಡುಪನ್ನೂ ಹೊಲಿದಿಟ್ಟ ಅಂಗಡಿ: ಪ್ರತಿಯೊಂದು ಬಿ ಕೋಶವೂ ಒಂದೇ ಬಗೆಯ ಪ್ರತಿಕಾಯವನ್ನು ಹೊತ್ತು ಮೊದಲೇ ಸಿದ್ಧವಾಗಿರುತ್ತದೆ, ರೋಗಾಣುವು ತನಗೆ ಹೊಂದುವ ಕೋಶವನ್ನು ಎಚ್ಚರಿಸುತ್ತದೆ, ಎಚ್ಚೆತ್ತ ಕೋಶ ವಿಭಜನೆಗೊಂಡು ತನ್ನಂಥವೇ ಸಾವಿರಾರು ಕೋಶಗಳನ್ನು ಹುಟ್ಟಿಸುತ್ತದೆ, ಅವುಗಳಲ್ಲಿ ಕೆಲವು ನೆನಪಿನ ಕೋಶಗಳಾಗಿ ಉಳಿದುಕೊಳ್ಳುತ್ತವೆ. ಮರುವರ್ಷವೇ ಗುಸ್ತಾವ್ ನೊಸಾಲ್ ಮತ್ತು ಜೋಶುವಾ ಲೆಡರ್‌ಬರ್ಗ್, ಎರಡು ಬಗೆಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಪರಿಚಯಿಸಿ, ಆ ಇಲಿಗಳ ಕೋಶಗಳನ್ನು ಒಂದೊಂದಾಗಿ ಸೂಕ್ಷ್ಮ ಹನಿಗಳಲ್ಲಿಟ್ಟು ನೋಡಿದಾಗ, ಕೋಶವೊಂದು ಎರಡರಲ್ಲಿ ಒಂದು ಬ್ಯಾಕ್ಟೀರಿಯಾದ ಈಜನ್ನು ಮಾತ್ರ ನಿಲ್ಲಿಸಬಲ್ಲುದಾಗಿತ್ತೇ ಹೊರತು ಎರಡನ್ನೂ ಅಲ್ಲ.

ಚುರುಕಾದ ವಿದ್ಯಾರ್ಥಿ ಇಲ್ಲಿ ಲೆಕ್ಕ ಕೇಳುತ್ತಾನೆ, ಕೇಳಲೂಬೇಕು. ಪ್ರೋಟೀನುಗಳಿಗೆ ಸಂಕೇತ ನೀಡುವ ಮಾನವ ಜೀನುಗಳೇ ಸುಮಾರು 20,000 ಇರುವಾಗ ಕೋಟಿಗಟ್ಟಲೆ ಬಗೆಯ ಪ್ರತಿಕಾಯಗಳು ಸಾಧ್ಯವಾಗುವುದು ಹೇಗೆ? ಜೀನಿನ ತುಂಡುಗಳೇ ಬಿ ಕೋಶದಲ್ಲಿ ಕತ್ತರಿಸಿ ಮರುಜೋಡಣೆಗೊಳ್ಳುತ್ತವೆ ಎಂದು 1976ರಲ್ಲಿ ತೋರಿಸಿಕೊಟ್ಟ ಸುಸುಮು ಟೊನೆಗಾವ ಅವರಿಗೆ 1987ರ ನೊಬೆಲ್ ಸಂದಿತು. ಭಾರದ ಸರಪಳಿಗೆ ಸುಮಾರು 40 ವಿ, 23 ಡಿ, 6 ಜೆ ತುಂಡುಗಳೆಂದು ಇಟ್ಟುಕೊಂಡರೆ 5,520 ಜೋಡಣೆಗಳಾಗುತ್ತವೆ. ಹಗುರ ಸರಪಳಿಯ ಸುಮಾರು 320 ಜೋಡಣೆಗಳಿಂದ ಗುಣಿಸಿದರೆ ಸಂಖ್ಯೆ 17 ಲಕ್ಷ ದಾಟುತ್ತದೆ. ಕತ್ತರಿಸಿದ ಅಂಚುಗಳಲ್ಲಿ ಯಾದೃಚ್ಛಿಕವಾಗಿ ಸೇರುವ ಡಿಎನ್‌ಎ ಅಕ್ಷರಗಳು ಅದನ್ನು ಇನ್ನೂ ಹಲವು ಪಟ್ಟು ಹಿಗ್ಗಿಸುತ್ತವೆ. ಇದನ್ನು ಕಪ್ಪುಹಲಗೆಯ ಮೇಲೆ ಗುಣಿಸಿ ತೋರಿಸುವುದಕ್ಕಿಂತ ಭಾರದ ಸರಪಳಿಯ ವಿ, ಡಿ, ಜೆ ತುಂಡುಗಳಿಗೆ ಒಂದೊಂದರಂತೆ ಮೂರು ಡಬ್ಬಿಗಳಲ್ಲಿ ಚೀಟಿ ಹಾಕಿ ಎತ್ತಿಸುವುದು ಮೇಲು. ಪ್ರತಿಯೊಬ್ಬರೂ ಒಂದೊಂದು ಡಬ್ಬಿಯಿಂದ ಒಂದು ಸಂಖ್ಯೆಯನ್ನು ಎತ್ತಿ, ಬರೆದುಕೊಂಡು, ಚೀಟಿಯನ್ನು ಮರಳಿ ಹಾಕಬೇಕು. 60 ಜನರ ತರಗತಿಯಲ್ಲಿ ಎಲ್ಲಿಯಾದರೂ ಇಬ್ಬರಿಗೆ ಒಂದೇ ಜೋಡಣೆ ಬರುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಹಾಗೆ ಬಂದರೆ ಗಣಿತದ ಅಧ್ಯಾಪಕರಿಗೂ ಒಂದು ಪಾಠ ಸಿಕ್ಕಂತೆ. ರೋಗಾಣುವಿಗೆ ಹೊಂದುವ ಜೋಡಣೆ ಯಾವುದೆಂಬುದನ್ನು ಎಲ್ಲರೂ ಎತ್ತಿದ ಮೇಲೆಯೇ ಪ್ರಕಟಿಸಬೇಕು. ಮೊದಲೇ ಹೇಳಿಬಿಟ್ಟರೆ ಆಟ ನಡೆಯುತ್ತದೆ, ಪಾಠ ಕೆಡುತ್ತದೆ, ಏಕೆಂದರೆ ಕಾಣದ ರೋಗಾಣುವಿಗೆ ದೇಹ ಮೊದಲೇ ಸಿದ್ಧವಾಗಿತ್ತು ಎಂಬ ತಿರುಳೇ ಆಗ ಕಳೆದುಹೋಗುತ್ತದೆ.

ಈ ವಿಷಯದ ಚರಿತ್ರೆಯಲ್ಲಿ ಅಧ್ಯಾಪಕರಿಗೆಂದೇ ಮೀಸಲಿಟ್ಟಂಥ ಒಂದು ಅಧ್ಯಾಯವೂ ಇದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೋಳಿಗಳ ಮೇಲೆ ಸಂಶೋಧನೆ ನಡೆಸುತ್ತಿದ್ದ ಬ್ರೂಸ್ ಗ್ಲಿಕ್, ಬಾಲದ ಬುಡದಲ್ಲಿ ಮಲದ್ವಾರಕ್ಕೆ ಅಂಟಿಕೊಂಡಿರುವ ಬರ್ಸಾ ಎಂಬ ಚೀಲದಂಥ ಅಂಗವನ್ನು ಕೆಲವು ಕೋಳಿಗಳಲ್ಲಿ ತೆಗೆದುಹಾಕಿದ್ದರು. ಅದರ ಕೆಲಸವೇನೆಂಬುದು ಯಾರಿಗೂ ತಿಳಿದಿರಲಿಲ್ಲ. ಪ್ರತಿಕಾಯಗಳು ಹೇಗೆ ಹುಟ್ಟುತ್ತವೆ ಎಂದು ತರಗತಿಗೆ ತೋರಿಸಬೇಕಾಗಿದ್ದ ಸಹಪಾಠಿ ಟಿಮೊಥಿ ಚಾಂಗ್, ಆ ಕೋಳಿಗಳನ್ನೇ ಪಡೆದು ಸಾಲ್ಮೊನೆಲ್ಲಾ ಚುಚ್ಚಿದಾಗ ಹಲವು ಕೋಳಿಗಳಲ್ಲಿ ಪ್ರತಿಕಾಯವೇ ಕಾಣಲಿಲ್ಲ. ಪ್ರಾತ್ಯಕ್ಷಿಕೆ ಕೈಕೊಟ್ಟಿತು, ಆದರೆ ಪ್ರತಿಕಾಯ ತಯಾರಿಸುವ ಕೋಶಗಳ ತವರು ಗೊತ್ತಾಯಿತು. ದೊಡ್ಡ ಪತ್ರಿಕೆಯೊಂದು ನಿರಾಕರಿಸಿದ ಆ ವರದಿ 1956ರಲ್ಲಿ ಕೋಳಿ ಸಾಕಣೆಯ ವಿಜ್ಞಾನಪತ್ರಿಕೆಯಲ್ಲಿ ಅಚ್ಚಾಯಿತು. ಬಿ ಕೋಶದ ಬಿ ಬಂದದ್ದು ಅಲ್ಲಿಂದಲೇ; ಬರ್ಸಾ ಇಲ್ಲದ ಮಾನವರಲ್ಲಿ ಆ ಕೆಲಸವನ್ನು ಅಸ್ಥಿಮಜ್ಜೆ ಮಾಡುತ್ತದೆ.

ಕೋವಿಡ್ ವರ್ಷಗಳ ನಂತರ ತರಗತಿಗೆ ಬರುವವರ ಬಾಯಲ್ಲಿ ಆಂಟಿಬಾಡಿ, ಬೂಸ್ಟರ್ ಮುಂತಾದ ಮಾತುಗಳು ಸಲೀಸಾಗಿವೆ, ಜೊತೆಗೆ ಇಮ್ಯುನಿಟಿ ಎಂದರೆ ಕಷಾಯ ಕುಡಿದಷ್ಟೂ ಏರುವ ಒಂದು ಮಟ್ಟ ಎಂಬ ನಂಬಿಕೆಯೂ ಇದೆ. ಕಷಾಯದ ಮೇಲೆ ಯಾರಿಗೂ ಹಗೆಯಿರಬೇಕಿಲ್ಲ, ಮಟ್ಟದ ಕಲ್ಪನೆ ಮಾತ್ರ ಸರಿಯಲ್ಲ; ಅಲರ್ಜಿಯೂ ಸಂಧಿವಾತದಂಥ ಸ್ವಯಂಪ್ರತಿರಕ್ಷಾ ರೋಗಗಳೂ ಈ ವ್ಯವಸ್ಥೆ ಕಡಿಮೆಯಾದುದರಿಂದ ಬಂದವಲ್ಲ. ಅತಿರೇಕವನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳ ಶೋಧಕ್ಕೆ 2025ರ ವೈದ್ಯಕೀಯ ನೊಬೆಲ್ ಬಂದಿರುವುದರಿಂದ ಅವುಗಳನ್ನು ಹೆಸರಿಸಲು ಅಧ್ಯಾಪಕರಿಗೆ ಒಳ್ಳೆಯ ನೆಪವೂ ದೊರೆತಿದೆ.

ಸಾಮಾನ್ಯ ಪ್ರಯೋಗಾಲಯಕ್ಕೆ ಎಟಕುವ ಪ್ರತಿರಕ್ಷಾ ಪ್ರಯೋಗವೆಂದರೆ ರಕ್ತದ ಗುಂಪಿನ ಪರೀಕ್ಷೆ. ಗಾಜಿನ ಪಟ್ಟಿಯ ಮೇಲೆ ನೀಲಿ ಬಣ್ಣದ ಆಂಟಿ-ಎ, ಹಳದಿ ಬಣ್ಣದ ಆಂಟಿ-ಬಿ ಹನಿಗಳಿಗೆ ರಕ್ತ ಬೆರೆಸಿದಾಗ ಕಣಗಳು ಮುದ್ದೆಗಟ್ಟುವುದನ್ನು ನೋಡಿ, ಗುಂಪು ಬರೆದುಕೊಂಡು, ಗಾಜು ತೊಳೆದಿಡುವಲ್ಲಿಗೆ ಅದು ಸಾಮಾನ್ಯವಾಗಿ ಮುಗಿಯುತ್ತದೆ. ಒ ಗುಂಪಿನವರು ಬೇರೆಯವರ ರಕ್ತವನ್ನು ಎಂದೂ ಪಡೆಯದಿದ್ದರೂ ಅವರ ರಕ್ತದಲ್ಲಿ ಎ ಮತ್ತು ಬಿಗಳ ವಿರುದ್ಧ ಪ್ರತಿಕಾಯಗಳಿರುವುದೇಕೆ ಎಂದು ಅಲ್ಲಿಯೇ ಕೇಳಬೇಕು. ಶಿಶು ಇವನ್ನು ತಾನೇ ತಯಾರಿಸತೊಡಗುವುದು ಹುಟ್ಟಿದ ಕೆಲವು ತಿಂಗಳ ನಂತರ. ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳ ಮೈಮೇಲೆ ಎ ಮತ್ತು ಬಿಗಳನ್ನು ಹೋಲುವ ಸಕ್ಕರೆಗಳಿರುತ್ತವೆ. ಸೂಕ್ಷ್ಮಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಕೋಳಿಮರಿಗಳಲ್ಲಿ ಬಿ ವಿರುದ್ಧದ ಪ್ರತಿಕಾಯ ಹುಟ್ಟಲಿಲ್ಲವೆಂದು 1959ರಲ್ಲಿ ವರದಿಯಾಯಿತು. ಇಷ್ಟು ಕೇಳಿದೊಡನೆ ತರಗತಿಯ ಯಾವುದೋ ಬೆಂಚಿನಿಂದ, ಹಾಗಾದರೆ ಬ್ಯಾಕ್ಟೀರಿಯಾ ಬಂದ ಮೇಲೆಯೇ ಪ್ರತಿಕಾಯ ಬಂದಿತು, ಪಾಲಿಂಗ್ ಹೇಳಿದ್ದೇ ಸರಿ ಎಂಬ ಆಕ್ಷೇಪ ಏಳುತ್ತದೆ, ಆಗ ಅಧ್ಯಾಪಕರು ಉತ್ತರ ಹೇಳುವ ಬದಲು ಚೀಟಿಯ ಡಬ್ಬಿಗಳನ್ನು ಮತ್ತೆ ಮೇಜಿನ ಮೇಲಿಡಬಹುದು.