ಬಿಲ್ಲಿಲ್ಲದ ಖಾನಾವಳಿಯ ವಿಮರ್ಶೆ

ಊಟದ ವಿಮರ್ಶೆ ಎಂಬ ಬರವಣಿಗೆಯು ಹೋಟೆಲುಗಳ ಬೆನ್ನು ಹಿಡಿದು ಬೆಳೆದದ್ದು. ಪ್ಯಾರಿಸ್ಸಿನಲ್ಲಿ ಗ್ರಿಮೊ ದ ಲಾ ರೆನಿಯೇರ್ 1803ರಲ್ಲಿ ಭೋಜನಪ್ರಿಯರ ಕೈಪಿಡಿಯನ್ನು ಆರಂಭಿಸಿದನು. ಟೈರು ತಯಾರಿಸುವ ಮಿಶೆಲಿನ್ ಕಂಪನಿಯು 1900ರಲ್ಲಿ ಮೋಟಾರು ಪ್ರಯಾಣಿಕರಿಗೆಂದು ಹೊರತಂದ ಮಾರ್ಗದರ್ಶಿಯು 1926ರಿಂದ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರಗಳನ್ನು ಕೊಡತೊಡಗಿತು. ಪರೀಕ್ಷಕನು ಗುರುತು ಹೇಳಿಕೊಳ್ಳದೆ ಹೋಗಬೇಕು, ತಿಂದದ್ದಕ್ಕೆ ದುಡ್ಡು ತೆತ್ತು ಬರಬೇಕು ಎಂಬ ಕಟ್ಟುಪಾಡುಗಳು ಕ್ರಮೇಣ ಬಳಕೆಗೆ ಬಂದವು. ಇದೇ ಕಟ್ಟುಪಾಡುಗಳನ್ನು ಗೆಳೆಯನ ಮನೆಯ ಊಟಕ್ಕೆ ಹಚ್ಚಿ, ಆ ಮನೆಯೇ ಒಂದು ಹೋಟೆಲೆಂಬಂತೆ ಬರೆಯುವ ವಿನೋದ ವಿಮರ್ಶೆಯು ಅದರ ಚೇಷ್ಟೆಯ ಕವಲು. ಇಲ್ಲಿ ಒಂದು ನಿಯಮವನ್ನೂ ಪಾಲಿಸಲು ಸಾಧ್ಯವಿಲ್ಲದಿರುವುದೇ ನಗೆಯ ಮೂಲ: ವಿಮರ್ಶಕನ ಗುರುತಷ್ಟೇ ಅಲ್ಲ, ಅವನಿಗೆ ಹಾಗಲಕಾಯಿ ಸೇರದೆಂಬುದೂ ಅಡುಗೆಮನೆಗೆ ಮೊದಲೇ ಗೊತ್ತಿರುತ್ತದೆ, ಮತ್ತು ದುಡ್ಡು ಕೊಡಲು ಹೋದರೆ ಸ್ನೇಹವೇ ಕೆಡುತ್ತದೆ.

ಕನ್ನಡದಲ್ಲಿ ಅಡುಗೆಯ ಶಾಸ್ತ್ರಕ್ಕೆ ಕೊರತೆಯಿಲ್ಲ. ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ಸೂಪಶಾಸ್ತ್ರವನ್ನು ಪದ್ಯದಲ್ಲೇ ರಚಿಸಿದನು. ಆದರೆ ಶಾಸ್ತ್ರವು ಅಡುವವರಿಗೆ ದಾರಿ ತೋರಿಸುತ್ತದೆಯೇ ಹೊರತು ಉಂಡವರ ತೀರ್ಪನ್ನು ದಾಖಲಿಸುವುದಿಲ್ಲ. ತೀರ್ಪಿನ ಪರಂಪರೆಯನ್ನು ಮದುವೆಯ ಚಪ್ಪರದಲ್ಲಿ ಹುಡುಕಬೇಕು. ಬೀಗರ ಹಾಡುಗಳೆಂದರೆ ಗಂಡಿನ ಕಡೆಯ ಮತ್ತು ಹೆಣ್ಣಿನ ಕಡೆಯ ಹೆಂಗಸರು ಪರಸ್ಪರರನ್ನು ಗೇಲಿ ಮಾಡಿ ಹಾಡುವ ಜನಪದ ಗೀತೆಗಳು; ಅವುಗಳಲ್ಲಿ ಬೀಗರ ಜಿಪುಣತನ, ಬಡಿವಾರ, ಹೊಟ್ಟೆಬಾಕತನ ಎಲ್ಲವೂ ತುಂಬಿದ ಸಭೆಯಲ್ಲೇ ವಿಚಾರಣೆಗೆ ಬರುತ್ತವೆ, ಮತ್ತು ಯಾರೂ ಮುನಿಯಬಾರದೆಂಬುದು ಅಲಿಖಿತ ಕರಾರು. ಇಂದಿನ ವಿಜಯನಗರ ಜಿಲ್ಲೆಯ ಸೀಮೆಗೆ ಹಾಸ್ಯದ ಇನ್ನೊಂದು ಹಕ್ಕೂ ಇದೆ: ತಿಂಮನೆಂಬ ಪಾತ್ರದ ಮೂಲಕ ದೊಡ್ಡಸ್ತಿಕೆಯನ್ನು ಕೆಳಗಿಳಿಸಿದ ಬೀಚಿ, ಅಂದರೆ ರಾಯಸಂ ಭೀಮಸೇನರಾವ್, 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಇವುಗಳ ಪೈಕಿ ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮತ್ತೆ ಹೊಸ ಜಿಲ್ಲೆಗೆ ಬಂದಿದೆ. ಇಷ್ಟು ಸಲ ವಿಳಾಸ ಬದಲಾದರೂ ತಟ್ಟೆಯಲ್ಲಿ ಜೋಳದ ರೊಟ್ಟಿಯ ಸ್ಥಾನ ಕದಲಿಲ್ಲ. ಕೂಡ್ಲಿಗಿಯಿಂದ ದಕ್ಷಿಣಕ್ಕೆ ಚಿತ್ರದುರ್ಗದ ಸೀಮೆ ಹತ್ತಿರವಾದಂತೆ ರಾಗಿಮುದ್ದೆಯು ರೊಟ್ಟಿಯ ಪಕ್ಕ ಜಾಗ ಕೇಳುತ್ತದೆ. ಹೋಟೆಲಿನ ಬೋರ್ಡುಗಳು ಈ ವೈವಿಧ್ಯವನ್ನು ಪೂರ್ತಿ ಹೇಳುವುದಿಲ್ಲ. ಅಲ್ಲಿ ಇಡ್ಲಿ, ವಡೆ, ದೋಸೆ, ಒಗ್ಗರಣೆ ಮಂಡಕ್ಕಿ, ಮಿರ್ಚಿಗಳಿರುತ್ತವೆ; ರೊಟ್ಟಿ ಊಟಕ್ಕೆ ಖಾನಾವಳಿಗಳಿವೆ. ಖಾನಾವಳಿಯೆಂದರೆ ಒಂದು ಊಟಕ್ಕೆ ಇಷ್ಟೆಂದು ದರ ಗೊತ್ತುಮಾಡಿ ರೊಟ್ಟಿ, ಪಲ್ಯ, ಚಟ್ನಿ, ಅನ್ನ, ಸಾರು ಬಡಿಸುವ, ಬಹುಮಟ್ಟಿಗೆ ಮನೆಮಂದಿಯೇ ನಡೆಸುವ ಊಟದ ಮನೆ. ಆದರೆ ನವಣೆ ಅನ್ನ, ಸಜ್ಜೆ ರೊಟ್ಟಿ, ಹುಳಿ ಸೊಪ್ಪಾದ ಪುಂಡಿಯನ್ನು ಜೋಳದ ನುಚ್ಚಿನೊಡನೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಪಲ್ಯ ಮುಂತಾದವು ಬೋರ್ಡಿಗೆ ಏರುವುದು ಅಪರೂಪ. ಆದ್ದರಿಂದ ಗೆಳೆಯನ ಮನೆಯ ಹುಸಿ ವಿಮರ್ಶೆಯು ನಗಿಸಲೆಂದು ಹೊರಟರೂ, ಹೋಟೆಲು ಬಿಟ್ಟುಬಿಟ್ಟ ಅಡುಗೆಯನ್ನು ಬರಹಕ್ಕೆ ಇಳಿಸುವ ನಿಜವಾದ ಕೆಲಸವನ್ನೂ ಮಾಡುತ್ತದೆ.

ಆ ಕೆಲಸ ನೆಟ್ಟಗಾಗಬೇಕಾದರೆ ವಿಮರ್ಶಕನಿಗೆ ರೊಟ್ಟಿ ಓದಲು ಬರಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲವಾದ್ದರಿಂದ ಎಸರು, ಅಂದರೆ ಕುದಿಯುವ ನೀರು, ಹಾಕಿ ಕಲಸುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟವು ಅರೆಬೆಂದು ಬಿಗಿ ಕೊಡುತ್ತದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಿದರೆ ಅದು ಉಬ್ಬುತ್ತದೆ. ಒಂದು ಗಳಿಗೆ ತಡವಾದರೂ ಮೇಲೆ ಬಿರುಕು ಮೂಡಿ, ಆವಿ ಹೊರಹೋಗಿ, ರೊಟ್ಟಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಹೀಗೆ ಅಂಚು ಬಿರಿದ ರೊಟ್ಟಿಯನ್ನು ಕಂಡಾಗ, "ಸಂಸ್ಥೆಯು ತನ್ನ ಹಿಟ್ಟಿನ ದಾಸ್ತಾನನ್ನು ಐತಿಹಾಸಿಕ ಆಸಕ್ತಿಯಿಂದ ಕಾಪಾಡಿಕೊಂಡಿದೆ" ಎಂದು ಬರೆಯುವವನು ನಗಿಸಿದ್ದೂ ಆಯಿತು, ದೋಷದ ಕಾರಣ ಹೇಳಿದ್ದೂ ಆಯಿತು.

ಮಂಡಕ್ಕಿಯ ಪರೀಕ್ಷೆ ಇದಕ್ಕಿಂತ ಕಠಿಣ, ಏಕೆಂದರೆ ಕೊಟ್ಟೂರಿನ ಪೇಟೆಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ನಾಲಿಗೆ ಪಳಗಿದವರ ಎದುರು ಮನೆಯ ಒಗ್ಗರಣೆ ನಿಲ್ಲಬೇಕಾಗುತ್ತದೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಗಳ ಒಗ್ಗರಣೆಗೆ ಹಾಕಿ, ಕೊನೆಯಲ್ಲಿ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಪುಡಿ, ಉದುರಿಸುವುದು ಕ್ರಮ. ಉಳಿದ ತೇವವನ್ನು ಆ ಪುಡಿ ಹೀರಿಕೊಳ್ಳುತ್ತದೆ. ಅದ್ದಿದವರು ಬಾಗಿಲಿಗೆ ಬಂದವರೊಡನೆ ಮಾತಿಗೆ ನಿಂತರೆ ಮಂಡಕ್ಕಿ ಮುದ್ದೆಯಾಗುತ್ತದೆ. ಆಗ ವಿಮರ್ಶಕನು "ಕೂಡ್ಲಿಗಿಯ ಮುದ್ದೆ, ಕೊಟ್ಟೂರಿನ ಮಂಡಕ್ಕಿಗಳ ಐಕ್ಯವನ್ನು ಸಾಧಿಸಲಾಗಿದೆ" ಎಂದು ಷರಾ ಬರೆಯಬಹುದು.

ಆದರೆ ಗೇಲಿ ಯಾರ ಮೇಲೆ ಬೀಳಬೇಕೆಂಬುದು ಈ ಪ್ರಕಾರದ ಮುಖ್ಯ ಪ್ರಶ್ನೆ. ಗೆಳೆಯನ ಮನೆಯ ಅಡುಗೆ ಎಂದು ಹೇಳಲಾಗುವ ಅಡುಗೆಯನ್ನು ಎಷ್ಟೋ ಸಲ ಅವನ ತಾಯಿಯೋ ಹೆಂಡತಿಯೋ ಮಾಡಿರುತ್ತಾರೆ; ಗೆಳೆಯನ ಪಾಲು ಕರೆಯುವುದು, ಎದುರು ಕೂತು ಉಣ್ಣುವುದು, ಹೊಗಳಿಕೆಯನ್ನು ಸ್ವೀಕರಿಸುವುದು. ಪಟ್ಟಣದ ಹೋಟೆಲಿನಲ್ಲಿ ಮುಖ್ಯ ಬಾಣಸಿಗನು ಮೇಜಿನ ಬಳಿ ಬಂದು ವಂದನೆ ಪಡೆಯುತ್ತಾನೆ; ಇಲ್ಲಿಯ ಬಾಣಸಿಗಿತ್ತಿಯು ಎಲ್ಲರ ಊಟವಾದ ಮೇಲೆ, ಆರಿದ ರೊಟ್ಟಿಯೊಡನೆ ಒಲೆಯ ಮುಂದೆಯೇ ಕೂರುತ್ತಾಳೆ. ಆದುದರಿಂದ ವಿಮರ್ಶೆಯ ಕುಹಕವು ವ್ಯವಸ್ಥಾಪಕನೆನಿಸಿಕೊಂಡ ಗೆಳೆಯನಿಗೆ ಮೀಸಲಾಗಬೇಕು, ಪ್ರಶಂಸೆಯು ಅಡುಗೆ ಮಾಡಿದವರ ಹೆಸರು ಹೇಳಿ ಅವರಿಗೇ ಸಲ್ಲಬೇಕು. ಗೆಳೆಯನು ತಾನೇ ರೊಟ್ಟಿ ಬಡಿಯಲು ಕೂತಿದ್ದರೆ ಮಾತ್ರ ಯಾವ ರಿಯಾಯಿತಿಯೂ ಬೇಕಿಲ್ಲ.

ಇನ್ನು ಅಂಕಗಳ ಮಾತು. ಈ ತಾಲ್ಲೂಕುಗಳಲ್ಲಿ ನಕ್ಷತ್ರಕ್ಕಿಂತ ನಂಬಲರ್ಹವಾದ ಮಾನವೆಂದರೆ ಉಂಡ ರೊಟ್ಟಿಗಳ ಲೆಕ್ಕ, ಏಕೆಂದರೆ ದಾಕ್ಷಿಣ್ಯಕ್ಕೆ ಮಾತು ಉಬ್ಬಿಸಬಹುದು, ಹೊಟ್ಟೆಯನ್ನು ಅಷ್ಟು ಸುಲಭವಾಗಿ ಉಬ್ಬಿಸಲಾಗದು. ಆದರೆ ಲೆಕ್ಕದಲ್ಲಿ ಒಂದು ತೊಡಕಿದೆ: "ಸಾಕ್ರಿ, ಒಲ್ಲೆ" ಎಂದರೆ ಬೇಡವೆಂಬ ಅರ್ಥವನ್ನು ಯಾವ ಮನೆಯೂ ಒಪ್ಪುವುದಿಲ್ಲ, "ಹಂಗಂದ್ರ ಹೆಂಗ್ರಿ, ಇನ್ನೊಂದು ಹಾಕ್ಕೋರಿ" ಎನ್ನುತ್ತಲೇ ರೊಟ್ಟಿ ತಟ್ಟೆಗೆ ಬಿದ್ದಿರುತ್ತದೆ. ಹೀಗೆ ಒತ್ತಾಯದಿಂದ ಬಂದ ರೊಟ್ಟಿಗಳನ್ನು ಕಳೆದು ಉಳಿದದ್ದನ್ನು ಮಾತ್ರ ಮನೆಯ ಅಂಕವೆಂದು ಬರೆಯುವುದು ಪ್ರಾಮಾಣಿಕ ಕ್ರಮ. ವಿಮರ್ಶಕನ ತೀರ್ಪು ಅಚ್ಚಾಗಲು ವಾರ ಹಿಡಿಯುತ್ತದೆ, ಎರಡೇ ರೊಟ್ಟಿಗೆ ಕೈತೊಳೆದು ಎದ್ದ ಅತಿಥಿಯ ಬಗ್ಗೆ ಆ ಮನೆಯ ತೀರ್ಪಾದರೋ ಅವನು ಚಪ್ಪಲಿ ಮೆಟ್ಟುವ ಮೊದಲೇ ಹೊರಬಿದ್ದಿರುತ್ತದೆ: "ಉಣ್ಣಾಕೇ ಬರಲ್ಲ ಬಿಡು." ಅದರ ಮೇಲೆ ಅಪೀಲಿಲ್ಲ.