‘ಮೂನ್‌ಲೈಟ್ ಸೊನಾಟಾ’ ನೋಡುವ ಬಗೆ

ಐರಿನ್ ಟೇಲರ್ ಬ್ರಾಡ್ಸ್ಕಿ ಅವರ 2019ರ ಸಾಕ್ಷ್ಯಚಿತ್ರ ‘ಮೂನ್‌ಲೈಟ್ ಸೊನಾಟಾ: ಡೆಫ್‌ನೆಸ್ ಇನ್ ತ್ರೀ ಮೂವ್‌ಮೆಂಟ್ಸ್’ ಅನ್ನು ಮೊದಲ ಸಲ ನೋಡುವವರು ಅದನ್ನು ಕಿವುಡ ಹುಡುಗನೊಬ್ಬ ಪಿಯಾನೊ ಕಲಿತು ಗೆದ್ದ ಕಥೆ ಎಂದುಕೊಂಡು ಕೂರಬಾರದು. ಹಾಗೆ ಕೂತರೆ ಕೊನೆಗೆ ಅವನು ಹೇಗೆ ನುಡಿಸುತ್ತಾನೋ ಎಂದು ಕಾಯುವುದರಲ್ಲೇ ಹೊತ್ತು ಹೋಗುತ್ತದೆ.

ಕ್ಯಾಮೆರಾದ ಹಿಂದೆ ಯಾರಿದ್ದಾರೆ ಎಂಬುದು ಸದಾ ನೆನಪಿರಲಿ. ಐರಿನ್ ಅವರ ಅಪ್ಪ ಪಾಲ್, ಅಮ್ಮ ಸ್ಯಾಲಿ ಇಬ್ಬರೂ ಎಳವೆಯಿಂದ ಕಿವುಡರು. ಐರಿನ್‌ಗೆ ಕಿವಿ ಕೇಳಿಸುತ್ತದೆ. ಅವರ ಮಗ ಜೋನಸ್‌ಗೆ ಮತ್ತೆ ಕಿವುಡು. ಅಂದರೆ ಕೇಳಿಸುವ ಒಬ್ಬ ಹೆಂಗಸು ಈ ಕಡೆ ಮಗಳಾಗಿ, ಆ ಕಡೆ ತಾಯಿಯಾಗಿ ನಿಂತು ಚಿತ್ರ ತೆಗೆಯುತ್ತಿದ್ದಾರೆ. ಸಿಕ್ಕರೆ ಅವರದೇ ‘ಹಿಯರ್ ಅಂಡ್ ನೌ’ (2007) ಮೊದಲು ನೋಡಿ. ಅದರಲ್ಲಿ ಪಾಲ್ ಮತ್ತು ಸ್ಯಾಲಿ 65ನೇ ವಯಸ್ಸಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣ ಸಾಧನ ಹಾಕಿಸಿಕೊಳ್ಳುತ್ತಾರೆ. ಆಪರೇಷನ್ ಆಯಿತು, ಇನ್ನು ಎಲ್ಲ ಕೇಳಿಸುತ್ತದೆ ಎಂಬಷ್ಟು ಸಲೀಸಲ್ಲ ಅದು. ಆ ವಯಸ್ಸಿನ ಮಿದುಳಿಗೆ ಹೊಸ ಸದ್ದೆಲ್ಲ ಬರೀ ಗದ್ದಲ. ಮೊಮ್ಮಗನಿಗೆ ಅದೇ ಸಾಧನ ಚಿಕ್ಕಂದಿನಲ್ಲೇ ಸಿಕ್ಕಿತು.

ಈ ಸಾಧನದ ಬಗ್ಗೆ ಒಂದಿಷ್ಟು ತಿಳಿದಿದ್ದರೆ ಪಿಯಾನೊ ಪಾಠದ ದೃಶ್ಯಗಳು ಬೇರೆಯೇ ಆಗಿ ಕಾಣುತ್ತವೆ. ಆರೋಗ್ಯವಂತ ಕಿವಿಯಲ್ಲಿ ಸಾವಿರಾರು ರೋಮಕೋಶಗಳು ಮಾಡುವ ಕೆಲಸವನ್ನು ಇಂಪ್ಲಾಂಟಿನಲ್ಲಿ ಇಪ್ಪತ್ತರ ಆಸುಪಾಸಿನ ಎಲೆಕ್ಟ್ರೋಡುಗಳು ಮಾಡಬೇಕು; ಅವು ಶ್ರವಣ ನರಕ್ಕೆ ನೇರ ವಿದ್ಯುತ್ ಸಂಕೇತ ಕಳಿಸುತ್ತವೆ. ಮಾತು ಹಿಡಿಯಲು ಅಷ್ಟು ಸಾಕಾಗುತ್ತದೆ, ಸ್ವರಸ್ಥಾನದ ಸೂಕ್ಷ್ಮಕ್ಕೆ ಸಾಲದು. ಗಮಕಕ್ಕೆ ತಲೆದೂಗುವವರಿಗೆ ಈ ನಷ್ಟ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಹುಡುಗ ತಪ್ಪಿದಾಗ ಕನಿಕರಪಡುವ ಬದಲು ಅವನ ಬೆರಳುಗಳನ್ನು ನೋಡಿ. ಕಿವಿಯ ಕೆಲಸದ ಎಷ್ಟೋ ಪಾಲನ್ನು ಅವು ವಹಿಸಿಕೊಂಡಿವೆ.

ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಹಲವೆಡೆ ಸದ್ದು ಮಂಕಾಗುತ್ತದೆ, ಒಮ್ಮೊಮ್ಮೆ ಇಲ್ಲವೇ ಆಗುತ್ತದೆ. ಆಗ ರಿಮೋಟಿಗೆ ಕೈ ಹಾಕಬೇಡಿ, ಅದು ದೋಷವಲ್ಲ. ಜೋನಸ್ ತನ್ನ ಸಾಧನವನ್ನು ತೆಗೆದಿಟ್ಟು ನಿಶ್ಶಬ್ದಕ್ಕೆ ಇಳಿಯುವ ಗಳಿಗೆಗಳು ಇಡೀ ಚಿತ್ರದ ತಿರುಳು. ಅಜ್ಜ–ಅಜ್ಜಿಗೆ ಬದುಕಿನ ಬಹುಪಾಲು ಮೌನ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಮೊಮ್ಮಗನಿಗೆ ಮೌನ ಬೇಕೆಂದಾಗ ಸಿಗುತ್ತದೆ, ಬೇಡವೆಂದಾಗ ಹೋಗುತ್ತದೆ.

ಸಿನಿಮಾಕ್ಕೆ ಮುಂಚೆ, ಜೋನಸ್ ಕಲಿಯುವ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗವನ್ನೊಮ್ಮೆ ಕೇಳಿ. ಬೀಥೋವನ್ ಅದನ್ನು ರಚಿಸಿದ್ದು 1801ರಲ್ಲಿ. ತನ್ನ ಕಿವಿ ಮಂದವಾಗುತ್ತಿದೆಯೆಂದು ವೈದ್ಯಮಿತ್ರ ವೇಗೆಲರ್‌ಗೆ ಪತ್ರ ಬರೆದದ್ದೂ ಅದೇ ವರ್ಷ. ತಂತಿಯ ಕಂಪನವನ್ನು ನಿಲ್ಲಿಸುವ ಮೆತ್ತೆಗಳನ್ನು ಎತ್ತಿಟ್ಟೇ ಈ ಭಾಗವನ್ನು ನುಡಿಸಬೇಕೆಂಬುದು ಅವನ ಸೂಚನೆ. ಹಾಗಾಗಿ ಒಂದು ನಾದ ಇನ್ನೊಂದರೊಳಗೆ ಕರಗುತ್ತ ಹೋಗುತ್ತದೆ. ಚಿತ್ರದಲ್ಲಿ ಬೀಥೋವನ್ ಬರುವುದು ಜಲವರ್ಣದಂಥ ಅನಿಮೇಷನ್‌ನಲ್ಲಿ. ಚೆಂದವಿದೆ, ಆದರೆ ನನಗೆ ಜೋನಸ್ ಮನೆಯ ಊಟದ ಮೇಜಿನ ದೃಶ್ಯಗಳೇ ಹೆಚ್ಚು ಹಿಡಿಸಿದವು.

ಅಜ್ಜನ ದೃಶ್ಯಗಳಲ್ಲಿ ಅವಸರ ಬೇಡ. ಪಾಲ್ ಎಂಜಿನಿಯರು, ಕಿವುಡರು ಅಕ್ಷರ ಟೈಪಿಸಿ ಫೋನಿನಲ್ಲಿ ಮಾತಾಡುವ ವ್ಯವಸ್ಥೆ ಬೆಳೆಸಿದವರಲ್ಲೊಬ್ಬರು. ಚಿತ್ರದ ಹೊತ್ತಿಗೆ ಅವರಿಗೆ ಮರೆವಿನ ಕಾಯಿಲೆ. ಕೇಳದೆ ಬದುಕುವುದನ್ನು ಚೆನ್ನಾಗಿ ಬಲ್ಲ ಮನುಷ್ಯ, ನೆನಪು ಹೋಗುವುದರ ಮುಂದೆ ಮಾತ್ರ ಹೊಸಬ. ಇಲ್ಲಿ ಶಬ್ದ ಬಂದ್ ಮಾಡಿ ಹತ್ತು ನಿಮಿಷ ನೋಡಿದರೂ ನಡೆಯುತ್ತದೆ: ತುಟಿ, ಕೈ, ಹುಬ್ಬು ಎಲ್ಲ ಮಾತಾಡುತ್ತವೆ.

ಕೊರತೆಯೂ ಇದೆ. ಮಗುವಿಗೆ ಇಂಪ್ಲಾಂಟ್ ಹಾಕಿಸುವುದೆಂದರೆ ಕಿವುಡು ಸಮುದಾಯದ ಭಾಷೆ, ಬದುಕಿನಿಂದ ಅದನ್ನು ಕಿತ್ತುಕೊಂಡಂತೆ ಎಂಬ ಗಟ್ಟಿ ವಾದವೊಂದಿದೆ. ಈ ಚಿತ್ರ ಆ ಜಗಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಅದಕ್ಕೆ ‘ಸೌಂಡ್ ಅಂಡ್ ಫ್ಯೂರಿ’ (2000) ನೋಡಬೇಕು. ಅಲ್ಲಿ ಅಣ್ಣತಮ್ಮಂದಿರಲ್ಲಿ ಒಬ್ಬ ಕಿವುಡ, ಇನ್ನೊಬ್ಬನಿಗೆ ಕೇಳಿಸುತ್ತದೆ. ಇಬ್ಬರಿಗೂ ಕಿವುಡು ಮಕ್ಕಳಿದ್ದಾರೆ, ಅಜ್ಜ–ಅಜ್ಜಿಯರೂ ಪಕ್ಷ ವಹಿಸುತ್ತಾರೆ, ಯಾರೂ ಸುಲಭಕ್ಕೆ ಸೋಲುವುದಿಲ್ಲ.