ದೇವಚಂದ್ರನ ಗ್ರಂಥಾಭಿರುಚಿ

ಚಾಮರಾಜನಗರದ ಸೀಮೆಗೆ ಸೇರಿದ ಮಲೆಯೂರಿನ ದೇವಚಂದ್ರನು ವಿದ್ವಾಂಸರಿಗೆ ಅಪರಿಚಿತನಲ್ಲ. ಆತನ ರಾಜಾವಳೀಕಥೆಯು ಇತಿಹಾಸಕ್ಕೆ ಆಕರವೆಂದು ಕೆಲವರೂ, ನಂಬತಕ್ಕುದಲ್ಲವೆಂದು ಕೆಲವರೂ ಬಹುಕಾಲದಿಂದ ಹೇಳುತ್ತ ಬಂದಿರುವರು. ರೈಸ್ ಸಾಹೇಬರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸುವಾಗ ಭದ್ರಬಾಹು ಚಂದ್ರಗುಪ್ತರ ವೃತ್ತಾಂತಕ್ಕೆ ಇದನ್ನು ಉಪಯೋಗಿಸಿಕೊಂಡರು. ಫ್ಲೀಟರು ಆ ವೃತ್ತಾಂತವನ್ನೇ ಒಪ್ಪಲಿಲ್ಲ. ಕವಿಚರಿತೆಯನ್ನು ಬರೆದ ಆರ್. ನರಸಿಂಹಾಚಾರ್ಯರು ಕವಿಗಳ ಐತಿಹ್ಯಗಳನ್ನು ಇದರಿಂದ ಎತ್ತಿಕೊಂಡರು. ಹೀಗೆ ಕಾಳನ್ನು ಆರಿಸಿಕೊಂಡ ಮೇಲೆ ಉಳಿದುದೆಲ್ಲ ಹೊಟ್ಟೆಂದು ಬಿಟ್ಟಂತಾಗಿದೆ. ಆ ಹೊಟ್ಟಿನಲ್ಲಿ ಒಬ್ಬ ಓದುಗನು ಅಡಗಿರುವನೆಂಬುದನ್ನು ಯಾರೂ ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ.

ದೇವಚಂದ್ರನು ಹುಟ್ಟಿದುದು 1770ರಲ್ಲಿ. ಅರಿಕುಠಾರಕ್ಕೆ ಚಾಮರಾಜನಗರವೆಂಬ ಹೆಸರು ಬಂದ 1818ರ ಹೊತ್ತಿಗೆ ಆತನು ನಡುವಯಸ್ಸನ್ನು ದಾಟುತ್ತಿದ್ದನು. ಕನಕಗಿರಿಯ ಬುಡದ ಆ ಮನೆಯಲ್ಲಿ ಓದು ಕುಲವಿದ್ಯೆಯಾಗಿತ್ತು. ಅಣ್ಣನಾದ ಪದ್ಮರಾಜನು ಪೂಜ್ಯಪಾದಚರಿತೆಯನ್ನು ರಚಿಸಿದವನು. 1804ರಲ್ಲಿ ಮೆಕೆಂಜಿ ಸಾಹೇಬನು ಹಳೆಯ ವೃತ್ತಾಂತಗಳನ್ನು ಅರಸುತ್ತ ಬಂದಾಗ ದೇವಚಂದ್ರನು ಮುಂದಿಟ್ಟುದು ಈ ಗ್ರಂಥವನ್ನೇ. ದೇಶಚರಿತ್ರೆಯನ್ನು ಕೇಳಿದವನಿಗೆ ಕಾವ್ಯವನ್ನು ಕೊಟ್ಟ ಈ ಪ್ರಸಂಗದಲ್ಲಿ ಆತನ ಮನೋಧರ್ಮವು ಚೆನ್ನಾಗಿ ವ್ಯಕ್ತವಾಗುತ್ತದೆ.

ಪಕ್ಕದ ಗುಂಡ್ಲುಪೇಟೆಯ ಸೀಮೆಯ ತೆರಕಣಾಂಬಿಯಲ್ಲಿ ಹುಟ್ಟಿದ ಚಿಕ್ಕುಪಾಧ್ಯಾಯನು ಇದಕ್ಕೆ ಶತಮಾನಕ್ಕಿಂತ ಹಿಂದೆಯೇ ಚಿಕ್ಕದೇವರಾಜನ ಮಂತ್ರಿಯಾಗಿದ್ದು ಬಹುಗ್ರಂಥಗಳನ್ನು ಬರೆದವನು. ತನ್ನ ಸೀಮೆಯ ಗೋಪಾಲಸ್ವಾಮಿ ಬೆಟ್ಟವನ್ನೇ ಕುರಿತ ಕಮಲಾಚಲ ಮಾಹಾತ್ಮ್ಯವು 1680ರ ಕೃತಿ. ಆತನ ಓದು ದೇವಚಂದ್ರನ ಓದಿಗಿಂತ ವಿಸ್ತಾರವಾದುದಾಗಿರಬಹುದು. ಆದರೆ ಅದು ಭಕ್ತಿಗೂ ಆಸ್ಥಾನಕ್ಕೂ ವಿನಿಯೋಗವಾದ ಓದು. ಕವಿಗಳ ಕಥೆಗಳನ್ನು ಕೂಡಿಹಾಕುವ ಚಾಪಲ್ಯವು ಕನಕಗಿರಿಯವನದು.

ಹಳೆಯ ಕವಿಗಳಲ್ಲಿ ದೇವಚಂದ್ರನ ಒಲವು ನಾಗಚಂದ್ರನ ಮೇಲೆ. ತಾನು 1797ರಲ್ಲಿ ಬರೆದ ರಾಮಕಥಾವತಾರಕ್ಕೆ ಆ ಕವಿಯ ರಾಮಚಂದ್ರಚರಿತಪುರಾಣವೇ ಆಧಾರ. ಇನ್ನು 1838ರ ರಾಜಾವಳೀಕಥೆಯಲ್ಲಿ ಗುಣಕ್ಕಿಂತ ದೋಷವೇ ಮೊದಲು ಕಣ್ಣಿಗೆ ಬೀಳುತ್ತದೆ. ಕಾಲಗಣನೆ ಸಡಿಲವಾದುದು, ಅನ್ಯಮತಗಳನ್ನು, ವಿಶೇಷವಾಗಿ ವೀರಶೈವವನ್ನು, ಕುರಿತ ಭಾಗಗಳಲ್ಲಿ ಲೇಖನಿಯು ನ್ಯಾಯವನ್ನು ಮೀರಿ ಓಡುತ್ತದೆ. ಇದನ್ನು ಮುಚ್ಚಿಡುವುದು ಸಲ್ಲದು. ಇತಿಹಾಸಕಾರನಲ್ಲಿ ಈ ಪಕ್ಷಪಾತವು ಅಕ್ಷಮ್ಯವಾದರೂ ಓದುಗನ ಅಭಿಪ್ರಾಯವೆಂದು ಗ್ರಹಿಸಿದಲ್ಲಿ ಅದಕ್ಕೂ ಒಂದು ಪ್ರಯೋಜನವುಂಟು: ಆ ಕಾಲದ ಜೈನಗೃಹಗಳಲ್ಲಿ ಯಾವ ಗ್ರಂಥವು ಪ್ರೀತಿಯನ್ನೂ ಯಾವುದು ಕೋಪವನ್ನೂ ಹುಟ್ಟಿಸುತ್ತಿತ್ತೆಂಬುದಕ್ಕೆ ಇಷ್ಟು ನೇರವಾದ ಸಾಕ್ಷಿಯು ವಿರಳ.

ಕಂತಿಯ ಕಥೆಯನ್ನು ನೋಡಬಹುದು. ಗುರುವೊಬ್ಬನು ಮಂದಬುದ್ಧಿಗಳಾದ ಶಿಷ್ಯರಿಗೆಂದು ಜ್ಯೋತಿಷ್ಮತೀ ತೈಲವನ್ನು ಸಿದ್ಧಪಡಿಸಿ ಅರ್ಧ ಹನಿಯಂತೆ ಕೊಡುತ್ತಿದ್ದನು. ಕಂತಿಯು ಅದೆಲ್ಲವನ್ನೂ ಒಮ್ಮೆಗೇ ಕುಡಿದು, ಉರಿ ತಡೆಯಲಾರದೆ ಬಾವಿಗೆ ಹಾರಿ, ಉರಿ ಇಳಿದ ಮೇಲೆ ಕವಿಯಾಗಿ ಎದ್ದಳಂತೆ. (ಈ ತೈಲವು ಮೇಧ್ಯವೂ ಉಷ್ಣವೂ ಎಂದು ವೈದ್ಯರು ಹೇಳುವರು, ಕಥೆಗೆ ಬಾವಿಯು ಬಂದುದು ಅದರಿಂದಲೇ ಇರಬೇಕು.) ಕಂತಿಯು ನಿಜವಾಗಿ ಇದ್ದಳೇ ಎಂಬ ಚರ್ಚೆಯಲ್ಲಿ ಈ ಕಥೆಯ ಸ್ವಾರಸ್ಯವು ಮರೆಯಾಯಿತು. ಸಹಜಪ್ರತಿಭೆಯಿಲ್ಲದವನಿಗೂ ಶ್ರುತಯತ್ನಗಳಿಂದ ಸರಸ್ವತಿಯು ಸ್ವಲ್ಪ ಅನುಗ್ರಹವನ್ನು ಮಾಡುವಳೆಂಬುದು ದಂಡಿಯ ಮತ. ಶಿಷ್ಯರಿಗೆ ಸಿಕ್ಕ ಅರ್ಧ ಹನಿಯು ಅದು. ಶಕ್ತಿ ನಿಪುಣತೆ ಅಭ್ಯಾಸಗಳು ಮೂರೂ ಕೂಡಿಯೇ ಕಾವ್ಯಕ್ಕೆ ಹೇತುವೆಂದನು ಮಮ್ಮಟನು. ಕಂತಿಗಾದರೋ ಗುರುವು ಅಳೆದು ಕೊಟ್ಟುದು ಏನೂ ಇಲ್ಲ. ಪ್ರಾಣಕ್ಕೆ ಬಂದ ಉರಿಯೊಂದೇ ಆಕೆಯ ವ್ಯುತ್ಪತ್ತಿ. ಅಲಂಕಾರಶಾಸ್ತ್ರದ ಹಾದಿಯನ್ನು ಬಿಟ್ಟು ನಡೆಯುವ ಈ ಕಥೆಯನ್ನು ಆರಿಸಿ ಬರೆದಿಟ್ಟವನಿಗೆ ಕವಿತ್ವದ ವಿಷಯದಲ್ಲಿ ಸ್ವಂತ ನಿಲುವು ಇರಲಿಲ್ಲವೆನ್ನುವುದು ಕಷ್ಟ.

ಕಂತಿಯ ಹೆಸರಿಗೆ ಹತ್ತಿಕೊಂಡಿರುವ ಐತಿಹ್ಯವು ಇನ್ನೂ ಒಂದುಂಟು. ಆಕೆಯ ಬಾಯಿಂದ ಹೊಗಳಿಸಿಕೊಳ್ಳುವೆನೆಂದು ಪಣತೊಟ್ಟ ನಾಗಚಂದ್ರನು ಸತ್ತಂತೆ ನಟಿಸಲು, ಆಕೆಯು ಬಂದು ಶೋಕದಿಂದ ಆತನ ಕವಿತೆಯನ್ನು ಕೊಂಡಾಡಿದಳು. ಆತನು ಎದ್ದು ಕುಳಿತನು. ಇಲ್ಲಿ ಪಣವನ್ನು ಗೆದ್ದವನು ನಾಗಚಂದ್ರನಾದರೂ ಕೇಳುವವರ ಆದರವು ಕಂತಿಯ ಕಡೆಗೇ ಹರಿಯುತ್ತದೆ. ಆ ನಾಗಚಂದ್ರನ ಕಾವ್ಯವನ್ನೇ ಮೇಲ್ಪಂಕ್ತಿಯಾಗಿ ಇಟ್ಟುಕೊಂಡ ದೇವಚಂದ್ರನೂ ಕವಿತ್ವವು ಹುಟ್ಟಿದ ಕಥೆಯನ್ನು ಕಟ್ಟಿಕೊಟ್ಟುದು ಕಂತಿಗೆ.